ಕಬ್ಬಿಣಕ್ಕೆ ತಂಗಿಯಿಲ್ಲ

ಮೇಡ್ಲೇರಿ
೯ ನವೆಂಬರ್ ೨೦೦೨

ಮೈದುನ ಸುಭಾಷನಿಗೆ ಮಾಲತೇಶಪ್ಪನ ಆಶೀರ್ವಾದಗಳು.

ಹಗ್ಗ ಹಿಡಿಯುವವನ ಕಥೆಯನ್ನು ನಮಗೆ ಮೊದಲು ಹೇಳಿದವಳು ಮೈಲವ್ವಜ್ಜಿ, ಎಪ್ಪತ್ತೆರಡನೆಯ ಇಸವಿಯಲ್ಲಿ, ಐರಣಿಯ ಹೊಳೆದಂಡೆಯ ಬಾವಿಯ ಹೂಳು ತೆಗೆದ ಬೇಸಿಗೆಯಲ್ಲಿ. ನಾನು ಆಗ ಮೊದಲ ಸಲ ಬಾವಿಗೆ ಇಳಿಯುವವನಿದ್ದೆ. ನಿನಗೂ ಈ ಕಥೆಯನ್ನು ನೂರು ಸಲ ಹೇಳಿದ್ದೇನೆ. ನೀನು ತಳದಲ್ಲಿ ಬುಟ್ಟಿಗೆ ಕೆಸರು ತುಂಬುತ್ತ ‘ಹ್ಞೂಂ, ಹ್ಞೂಂ’ ಅಂದಿದ್ದೀಯೇ ಹೊರತು ಕೇಳಿದ್ದೀಯೋ ಇಲ್ಲವೋ ಆ ಕಪ್ಪೆಗಳಿಗೇ ಗೊತ್ತು. ಅದಕ್ಕೇ ಈಗ ಬರೆದು ಕಳಿಸುತ್ತಿದ್ದೇನೆ.

ಒಂದೂರಲ್ಲಿ ಅಣ್ಣ ತಮ್ಮ ಇದ್ದರು. ತಮ್ಮ ಬಾವಿಗೆ ಇಳಿದ, ಅಣ್ಣ ಮೇಲೆ ಹಗ್ಗ ಹಿಡಿದ. ನಡುಮಧ್ಯಾಹ್ನ ಅಣ್ಣನಿಗೆ ಒಂದು ಯೋಚನೆ ಬಂತು: ಕೈ ಸ್ವಲ್ಪ ಸಡಿಲಾದರೆ ಹೊಲವೆಲ್ಲ ನನ್ನದೇ. ಕೈ ಸಡಿಲಾಯಿತು. ಆ ಹೊತ್ತಿಗೆ ಕಳೆದುಹೋದ ಎತ್ತು ಹುಡುಕುತ್ತ ತಮ್ಮನ ಹೆಂಡತಿಯ ಅಣ್ಣ ಆ ದಾರಿಯಲ್ಲಿ ಬಂದ. ಓಡುತ್ತಿದ್ದ ಹಗ್ಗವನ್ನು ತುಳಿದು ನಿಂತ. ಅಂಗಾಲು ಸುಟ್ಟುಹೋಯಿತು, ಆದರೆ ಹಗ್ಗ ನಿಂತಿತು. ಕಥೆ ಇಲ್ಲಿಗೆ ಬಂದಾಗ ಮೈಲವ್ವಜ್ಜಿ ಎಲೆ ಅಡಿಕೆ ಉಗುಳಿ ಹೇಳುತ್ತಿದ್ದಳು: “ಒಡಹುಟ್ಟಿದಾಂವ ಹೊಲದಾಗ ಪಾಲು ಕೇಳ್ತಾನ. ಹೆಂಡ್ತಿ ಅಣ್ಣ ಏನ ಕೇಳ್ತಾನ? ತಂಗಿ ಕುಂಕುಮ ಒಂದ ಕೇಳ್ತಾನ. ಹಗ್ಗ ಅಂವನ ಕೈಯಾಗ ಕೊಡ್ರಿ.”

ಅಂದಿನಿಂದ ನಮ್ಮ ಮನೆತನದಲ್ಲಿ ಬಾವಿಗೆ ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ಒಡಹುಟ್ಟಿದವನೇ ಹಿಡಿಯುತ್ತ ಬಂದಿದ್ದಾನೆ. ನಾನು ಇಳಿಯುವಾಗ ನನ್ನ ಹೆಂಡತಿಯ ತಮ್ಮ, ಬ್ಯಾಡಗಿಯ ಮೈಲಾರೆಪ್ಪ ಹಿಡಿದ. ನಂತರ ನೀನು ನನ್ನ ತಂಗಿ ರೇಣುಕವ್ವನ ಕೈ ಹಿಡಿದೆ, ನಾನು ನಿನ್ನ ಹಗ್ಗ ಹಿಡಿದೆ, ಹನ್ನೊಂದು ವರ್ಷ. ಮೇಲಿನವನು ಕಥೆ ಹೇಳಬೇಕು, ಕೆಳಗಿನವನು ಹ್ಞೂಂ ಅನ್ನಬೇಕು. ಹ್ಞೂಂ ನಿಂತರೆ ಯಾಕೆ ಏನು ಎಂದು ಕೇಳುತ್ತ ಕೂಡಬಾರದು, ಎಳೆಯಬೇಕು. ಇಷ್ಟೇ ನಮ್ಮ ಶಾಸ್ತ್ರ.

ಹಾವೇರಿಯ ರುದ್ರಮುನಿ ಸಾಹೇಬರು ಮಿಲಿಟರಿ ಮುಗಿಸಿ ಬಂದು, ನೀನು ಅರವತ್ತು ಅಡಿಯ ಬಾವಿಯಿಂದ ಹಗ್ಗ ಏರುವುದನ್ನು ನೋಡಿ, ಗುಜರಾತದ ಸಮುದ್ರದ ದಂಡೆಗೆ ಕರೆದುಕೊಂಡು ಹೋದರು. ಎರಡು ತಿಂಗಳಾಯಿತು. ಅಲ್ಲಿ ಕೆಳಗೆ ಇಳಿಯುವುದಲ್ಲ, ಆಕಾಶದಲ್ಲಿ ತೂಗುವುದು ಎಂದು ರೇಣುಕವ್ವ ಹೇಳಿದಳು. ಆಗಲಿ. ನನ್ನದು ಒಂದೇ ಪ್ರಶ್ನೆ. ಅಲ್ಲಿ ನಿನ್ನ ಹಗ್ಗ ಯಾರು ಹಿಡಿಯುತ್ತಾರೆ?

ಫೋನು ಮಾಡಬಹುದಿತ್ತು. ಆದರೆ ಮಲಂಗಸಾಬನ ಎಸ್‌ಟಿಡಿ ಡಬ್ಬಿಯಲ್ಲಿ ಕೆಂಪು ಅಂಕಿ ಓಡುವುದನ್ನು ನೋಡಿದರೆ ನನ್ನ ಬಾಯಿ ಕಟ್ಟುತ್ತದೆ. ಕಾಗದವೇ ಲೇಸು.

ಇಂತಿ, ಮಾಲತೇಶಪ್ಪ


೨೮ ನವೆಂಬರ್ ೨೦೦೨

ಭಾವನವರಿಗೆ ಸುಭಾಷನ ನಮಸ್ಕಾರಗಳು.

ಮೊದಲು ಹ್ಞೂಂ.

ನಿಮ್ಮ ಪ್ರಶ್ನೆಗೆ ಉತ್ತರ: ಯಾರೂ ಹಿಡಿಯುವುದಿಲ್ಲ. ಹಗ್ಗವನ್ನು ಕಬ್ಬಿಣದ ತೊಲೆಗೆ ಕಟ್ಟುತ್ತೇವೆ. ಸಿಟ್ಟಾಗಬೇಡಿ, ಪೂರ್ತಿ ಓದಿ.

ಇಲ್ಲಿ ಕಾರ್ಖಾನೆಯ ಹೊಗೆ ಚಿಮಣಿಗಳ ತುಕ್ಕು ಕೆರೆಯಲು ತೂಗುವ ಪ್ರತಿಯೊಬ್ಬನಿಗೂ ಎರಡು ಹಗ್ಗ. ಒಂದು ನಮ್ಮ ಭಾರ ಹೊರುವ ಹಗ್ಗ. ಇನ್ನೊಂದು ಏನೂ ಹೊರುವುದಿಲ್ಲ, ಪಕ್ಕದಲ್ಲಿ ಸುಮ್ಮನೆ ಇಳಿಬಿದ್ದಿರುತ್ತದೆ. ಅದಕ್ಕೊಂದು ಹಲ್ಲಿನ ಬಿಲ್ಲೆ ಇರುತ್ತದೆ, ನಾಯಿಮರಿಯ ಹಾಗೆ ನಮ್ಮ ಹಿಂದೆಯೇ ಬರುತ್ತದೆ. ಮೊದಲಿನ ಹಗ್ಗ ಕೈಕೊಟ್ಟರೆ ಆ ಬಿಲ್ಲೆ ಗಪ್ಪನೆ ಕಚ್ಚಿ ಹಿಡಿಯುತ್ತದೆ. ಎರಡೂ ಹಗ್ಗಗಳನ್ನು ಬೇರೆ ಬೇರೆ ತೊಲೆಗಳಿಗೇ ಕಟ್ಟಬೇಕು, ಒಂದು ತೊಲೆ ಹೋದರೆ ಇನ್ನೊಂದು ಇರಲೆಂದು. ನಾನು ಮೈಲವ್ವಜ್ಜಿಯ ಕಥೆಯನ್ನು ಇಲ್ಲಿಯವರಿಗೆ ಅರ್ಧ ಹಿಂದಿಯಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದೆ. ಹಿಂದಿಯಲ್ಲಿ ಹೆಂಡತಿಯ ಅಣ್ಣ ತಮ್ಮಂದಿರಿಗೆ ‘ಸಾಲಾ’ ಅನ್ನುತ್ತಾರೆ, ಬೈಗುಳವೂ ಅದೇ. ಈಗ ನಮ್ಮ ಗುಂಪಿನಲ್ಲಿ ಎರಡನೆಯ ಹಗ್ಗಕ್ಕೆ ಅದೇ ಹೆಸರು ಬಿದ್ದಿದೆ. ದಿನಾ ಮುಂಜಾನೆ “ನಿನ್ನ ಸಾಲಾ ಗಟ್ಟಿ ಇದ್ದಾನೇನು?” ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ನಿಮ್ಮನ್ನೇ ಕೇಳಿದ ಹಾಗಾಗುತ್ತದೆ.

ರುದ್ರಮುನಿ ಸಾಹೇಬರು ಬಹಳ ಕಟ್ಟುನಿಟ್ಟು. ಏರುವ ಮುಂಚೆ ನನ್ನ ಸೊಂಟಪಟ್ಟಿಯ ಬಕ್ಕಲನ್ನು ಜೊತೆಗಾರ ಎಳೆದು ನೋಡಬೇಕು, ಅವನದನ್ನು ನಾನು. ಇಡೀ ಹಗ್ಗವನ್ನು ಬೆರಳುಗಳ ನಡುವೆ ಹಾಯಿಸಬೇಕು, ನೀವು ಎಮ್ಮೆಯ ಬೆನ್ನು ಸವರಿ ಉಣ್ಣೆಹುಳ ಹುಡುಕುವ ಹಾಗೆ. ಚೂಪಾದ ಅಂಚಿನ ಮೇಲೆ ಹಗ್ಗ ಹೋಗುವಲ್ಲಿ ದಪ್ಪ ಬಟ್ಟೆಯ ತೋಳು ತೊಡಿಸಬೇಕು. ಸುತ್ತಿಗೆಗೂ ಒಂದು ದಾರ, ಕೆಳಗಿನವನ ತಲೆ ಉಳಿಯಲೆಂದು. ಒಬ್ಬನೇ ಏರುವ ಮಾತೇ ಇಲ್ಲ.

ಇನ್ನೊಂದು ಮಾತು ನಿಮಗೆ ಹಿಡಿಸೀತು. ಇಲ್ಲಿ ಪ್ರತಿ ಹಗ್ಗಕ್ಕೂ ಜಾತಕವಿದೆ! ಹುಟ್ಟಿದ ದಿನ, ಯಾವ ದಿನ ಯಾರನ್ನು ಹೊತ್ತಿತು, ಮಳೆ ಬಿಸಿಲು ಎಷ್ಟು ಕಂಡಿತು, ಎಲ್ಲ ಒಂದು ಪುಸ್ತಕದಲ್ಲಿ. ಆಯುಷ್ಯ ಮುಗಿದರೆ ನೋಡಲು ಎಷ್ಟೇ ಚಂದವಿರಲಿ, ಅಂದೇ ಮೊಳ ಮೊಳಕ್ಕೆ ಕತ್ತರಿಸುತ್ತೇವೆ. ಇಡೀ ಹಗ್ಗ ಕಂಡರೆ ಯಾರಾದರೂ ಆಸೆಪಟ್ಟು ಜೋತುಬಿದ್ದಾರು ಎಂದು.

ಕಥೆ ಹೇಳುವವರು ಮಾತ್ರ ಇಲ್ಲ. ಕೈಯಲ್ಲಿ ಒಂದು ರೇಡಿಯೋ, ಅದರಲ್ಲಿ ‘ಓಕೆ’ ಅನ್ನುತ್ತೇವೆ. ಹ್ಞೂಂ ಅನ್ನುವಷ್ಟು ಸುಖ ಅದರಲ್ಲಿಲ್ಲ.

ನಿಮ್ಮ ಸುಭಾಷ


ಮೇಡ್ಲೇರಿ
೧೫ ಡಿಸೆಂಬರ್ ೨೦೦೨

ಸುಭಾಷಾ,

ನಿನ್ನ ಪತ್ರವನ್ನು ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿದೆ. ಹಗ್ಗದ ಜಾತಕ ಕೇಳಿ ಜನ ಬಿದ್ದು ಬಿದ್ದು ನಕ್ಕರು. ನೆರೆಮನೆಯ ಜಯವ್ವ ಅಂದಳು, “ನನಗs ಜಾತಕ ಇಲ್ಲ, ನನ್ನ ಲಗ್ನ ಆಗಿ ಮೊಮ್ಮಕ್ಕಳಾದ್ವು. ಹಗ್ಗಕ್ಕೇನ ಕನ್ಯಾ ನೋಡಾಕತ್ತಾರ?”

ನನಗೆ ಮಾತ್ರ ನಗು ಬರಲಿಲ್ಲ. ಎರಡು ಹಗ್ಗ ಸರಿ, ತೋಳು ತೊಡಿಸುವುದು ಸರಿ, ಬಕ್ಕಲು ಎಳೆಯುವುದೂ ಸರಿ. ಆದರೆ ತೊಲೆಗೆ ಕಟ್ಟಿ ಬಿಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಕಬ್ಬಿಣಕ್ಕೆ ತಂಗಿಯಿಲ್ಲ, ಸುಭಾಷಾ. ನೀನು ಬಿದ್ದರೆ ಅದು ಯಾರ ಮುಖ ನೋಡಬೇಕಾಗಿದೆ? ನಾನಾದರೆ ನಿನ್ನ ಹೆಂಡತಿಯ ಮುಖ ನೋಡಬೇಕು. ಆ ಹೆದರಿಕೆಯೇ ನನ್ನ ಅಂಗೈಗೆ ಬಲ ಕೊಡುತ್ತಿತ್ತು.

ಹಗ್ಗವನ್ನು ಕತ್ತರಿಸುವುದೂ ಸರಿ ಕಾಣಲಿಲ್ಲ. ಜೀವ ಹೊತ್ತದ್ದಕ್ಕೆ ಕತ್ತಿ ಹಚ್ಚುತ್ತಾರೆಯೇ? ನಾವು ಹಳೆಯ ಹಗ್ಗವನ್ನು ಹೊಳೆಗೆ ಬಿಡುತ್ತೇವೆ. ಇರಲಿ, ದೇಶಕ್ಕೊಂದು ಪದ್ಧತಿ.

ಮೈಲಾರೆಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಹೊತ್ತು ಹೊತ್ತು ಸೀನುತ್ತಲೇ ಮಾತಾಡುತ್ತಾನೆ. ಸುಗ್ಗಿ ಮುಗಿದರೆ ಬಾವಿ ಕೆಲಸಕ್ಕೆ ಬರುತ್ತಾನಂತೆ. ಇಳಿಯುವವರು ಯಾರು ಎಂಬುದೇ ಪ್ರಶ್ನೆ. ರೇಣುಕವ್ವ ಕುಶಲ. ನೀನು ಹೊರಡುವ ಮುಂಚೆ ಕಲಿಸಿದ ಆ ಎಂಟರ ಅಂಕಿಯಂಥ ಗಂಟನ್ನು ಎಮ್ಮೆ ಕಟ್ಟುವ ಹಗ್ಗಕ್ಕೆ ಹಾಕಿದ್ದಾಳೆ. ಬಿಚ್ಚಲು ನನಗೆ ಅರ್ಧ ತಾಸು ಹಿಡಿಯಿತು.

ಲಗೂ ಹ್ಞೂಂ ಅನ್ನು.

ಮಾಲತೇಶಪ್ಪ


ಮೇಡ್ಲೇರಿ
೨೦ ಜನವರಿ ೨೦೦೩

ಸುಭಾಷಾ, ಸಂಕ್ರಾಂತಿಯ ಎಳ್ಳು ಬೆಲ್ಲ ಇದರೊಳಗೆ ಇಟ್ಟಿದ್ದೇನೆ. ಐದು ವಾರವಾಯಿತು, ನಿನ್ನಿಂದ ಪತ್ರವಿಲ್ಲ. ಕೆಲಸದ ಗದ್ದಲವಿರಬೇಕು. ರೇಣುಕವ್ವ ಕೇಳಿದರೆ ನಾನು ಹಾಗೆಯೇ ಹೇಳುತ್ತೇನೆ. ಮಾಲತೇಶಪ್ಪ.


೩ ಫೆಬ್ರುವರಿ ೨೦೦೩

ಭಾವನವರಿಗೆ ನಮಸ್ಕಾರ.

ನಾನು ಕ್ಷೇಮ. ಕೆಲಸ ಬಹಳ, ಅದಕ್ಕೆ ಬರೆಯಲಾಗಲಿಲ್ಲ. ಎಳ್ಳು ಬೆಲ್ಲ ಮುಟ್ಟಿತು.

ರಜೆಗೆ ಬರುತ್ತಿರುವ ಹುಬ್ಬಳ್ಳಿಯ ಗೆಳೆಯನ ಕೈಯಲ್ಲಿ ಒಂದು ಹಗ್ಗ ಕಳಿಸುತ್ತಿದ್ದೇನೆ. ಅವನು ಹಾವೇರಿ ಸ್ಟೇಷನ್ನಿನಲ್ಲಿ ಮೈಲಾರೆಪ್ಪನಿಗೆ ಕೊಡುತ್ತಾನೆ. ಅದನ್ನು ದೇವರ ಕೋಣೆಯ ಜಗಲಿಯ ಮೇಲೆ, ದೇವರ ಪಕ್ಕದಲ್ಲಿ ಇಡಿ. ರೇಣುಕಾ ಕುಂಕುಮ ಹಚ್ಚಿ ಪೂಜೆ ಮಾಡಲಿ. ಹೆಚ್ಚು ಏನೂ ಕೇಳಬೇಡಿ.

ಸುಭಾಷ


ಮೇಡ್ಲೇರಿ
೨೪ ಫೆಬ್ರುವರಿ ೨೦೦೩

ಸುಭಾಷಾ,

ಹಗ್ಗ ಬಂತು! ಎಂಥ ಹಗ್ಗವೋ ಮಾರಾಯ. ಬಿಳಿ ಮೈ, ನಡುವೆ ಕೆಂಪು ಎಳೆ, ಹಾವಿನ ಹಾಗೆ ನುಣುಪು. ಮೈಲಾರೆಪ್ಪ ಅದನ್ನು ಹೆಗಲ ಮೇಲೆ ಹಾಕಿಕೊಂಡು ಊರ ತುಂಬ ತಿರುಗಾಡಿದ. ಮೂರು ಸಲ ಸೀನಿ ಅಂದ: “ಮಾವ, ಇದರಾಗ ಎಮ್ಮಿ ಏನ, ಎಮ್ಮಿ ಜೋಡಿ ಕೊಟ್ಟಿಗೀನೂ ಎತ್ತಬಹುದು.”

ನೀನು ಹೇಳಿದಂತೆ ಜಗಲಿಯ ಮೇಲೆ ಇಟ್ಟಿದ್ದೇವೆ. ರೇಣುಕವ್ವ ದಿನಾ ಕುಂಕುಮ ಹಚ್ಚುತ್ತಾಳೆ. ಅಷ್ಟು ದೂರ ಹೋದರೂ ನಮ್ಮ ಪದ್ಧತಿ ಮರೆಯಲಿಲ್ಲವಲ್ಲ ಎಂದು ನನಗೆ ಬಹಳ ಸಂತೋಷವಾಯಿತು. ಹೊಸ ಹಗ್ಗ ಜಗಲಿಯ ಮೇಲೆ ಕೂತು ಪೂಜೆ ಉಂಡ ಮೇಲೆಯೇ ಬಾವಿಗೆ ಹೋಗಬೇಕು, ಹೌದಲ್ಲವೇ? ಶಿವರಾತ್ರಿಯನ್ನೂ ಅದು ಜಗಲಿಯ ಮೇಲೆಯೇ ಕಳೆಯಲಿ. ಹಳೆಯದಾಗಿದ್ದರೆ ನೀವು ಮೊಳ ಮೊಳಕ್ಕೆ ಕತ್ತರಿಸುತ್ತೀರಿ ಎಂದು ನೀನೇ ಬರೆದಿದ್ದೆ, ಇದು ಇಡಿಯಾಗಿಯೇ ಇದೆ. ಆದ್ದರಿಂದ ಇದು ಹೊಚ್ಚ ಹೊಸದು ಎಂದು ತಿಳಿದೆವು.

ಹಾವೇರಿಯಲ್ಲಿ ಒಬ್ಬ ವಕೀಲರ ತೋಟದ ಬಾವಿಯ ಕೆಲಸ ಒಪ್ಪಿಕೊಂಡಿದ್ದೇನೆ. ಅರವತ್ತೈದು ಅಡಿ, ಕಲ್ಲು ಕಟ್ಟಿದ ಬಾವಿ. ಮಾರ್ಚ್ ಹತ್ತು, ಸೋಮವಾರ, ಮುಂಜಾನೆ ಎಂಟಕ್ಕೆ ಇಳಿಯುವುದು. ಬೇರೆ ಯಾರೂ ಸಿಗಲಿಲ್ಲ, ನಾನೇ ಇಳಿಯುತ್ತೇನೆ. ಐವತ್ತೆರಡು ವರ್ಷವಾಯಿತು ಎಂದು ನಗಬೇಡ. ಮೈಲಾರೆಪ್ಪ ಹಿಡಿಯುತ್ತಾನೆ, ಅವನ ಅಕ್ಕನ ಕುಂಕುಮ ನನ್ನ ಜೀವದ ಮೇಲೆ ನಿಂತಿದೆ. ನಿನ್ನ ಹಗ್ಗವಿದೆ, ನನಗೇನು ಭಯ?

ಒಂದು ಮಾತು. ನಿನ್ನ ಪತ್ರದ ಅಕ್ಷರ ಎಡಗೈಯಲ್ಲಿ ಬರೆದ ಹಾಗೆ ವಾಲಾಡುತ್ತಿತ್ತು. ರೇಣುಕವ್ವ ಅದನ್ನು ಎರಡು ಸಲ ತಿರುಗಿಸಿ ನೋಡಿದಳು. ನಾನು, ಬಸ್ಸಿನಲ್ಲಿ ಕೂತು ಬರೆದಿರಬೇಕು ಅಂದೆ.

ಮಾಲತೇಶಪ್ಪ


೯ ಮಾರ್ಚ್ ೨೦೦೩, ಭಾನುವಾರ

ಭಾವ,

ನಿಮ್ಮ ಪತ್ರ ಬಂದು ನಾಲ್ಕು ದಿನ ಆಫೀಸಿನಲ್ಲೇ ಬಿದ್ದಿತ್ತು, ಇಂದು ಕೈಗೆ ಸಿಕ್ಕಿತು. ನಾಳೆ ಎಂಟಕ್ಕೆ ನೀವು ಇಳಿಯುವವರು. ಮಲಂಗಸಾಬನ ಅಂಗಡಿಗೆ ಫೋನು ಮಾಡಿದೆ. ತಂತಿಯೊಳಗೆ ಬರೀ ಗರಗರ. “ಹಗ್ಗ ಕಡೀರಿ! ಭಾವಗ ಹೇಳ್ರಿ, ಹಗ್ಗ ಕಡೀರಿ!” ಎಂದು ಮೂರು ಸಲ ಕೂಗಿದೆ. ಅವನು “ಆಂ? ಆಂ?” ಅಂದ, ಆಮೇಲೆ “ಯಾ ಅಲ್ಲಾ” ಅಂದ, ಲೈನು ಸತ್ತಿತು. ಹದಿನಾರು ಸಲ ಮತ್ತೆ ಮಾಡಿದೆ, ಹತ್ತಲಿಲ್ಲ. ತಂತಿ ಕಚೇರಿಗೆ ಇಂದು ರಜೆ. ಅವನಿಗೆ ಕೇಳಿಸಿರಲಿ ಎಂದು ದೇವರಿಗೆ ಕೈಮುಗಿದು ಇದನ್ನು ಬರೆಯುತ್ತಿದ್ದೇನೆ. ನೀವು ಇದನ್ನು ಓದುವ ಹೊತ್ತಿಗೆ ಆಗುವುದು ಆಗಿಹೋಗಿರುತ್ತದೆ.

ಆ ಹಗ್ಗ ಹೊಸದಲ್ಲ. ಸತ್ತ ಹಗ್ಗ.

ಜನವರಿ ಏಳರಂದು ನಾನು ಬಿದ್ದೆ. ನೂರು ಅಡಿ ಎತ್ತರದಲ್ಲಿ ಚಿಮಣಿಯ ತುಕ್ಕು ಕೆರೆಯುತ್ತಿದ್ದೆ. ಒಂದು ಕಡೆ ತಗಡಿನ ಅಂಚು ಚೂಪಾಗಿತ್ತು. ತೋಳು ತೊಡಿಸಲು ಮೇಲೆ ಹತ್ತಿ ಬರಬೇಕಿತ್ತು, ಹತ್ತು ನಿಮಿಷದ ಕೆಲಸ. ಇನ್ನೇನು ಎರಡು ಗೇಣು ಉಳಿದಿದೆ, ಊಟಕ್ಕೆ ಮುಂಚೆ ಮುಗಿಸೋಣ ಎಂದುಕೊಂಡೆ. ಹಗ್ಗ ಕಡಿಯಿತು. ಸದ್ದೇ ಆಗಲಿಲ್ಲ, ಭಾವ. ಸೊಂಟದ ಹತ್ತಿರ ಭಾರವೇ ಇಲ್ಲವೆನಿಸಿತು, ಅಷ್ಟೇ. ಒಂದಾಳುದ್ದ ಕೆಳಗೆ ಹೋದೆ. ಆಮೇಲೆ ಎರಡನೆಯ ಹಗ್ಗ ಹಿಡಿಯಿತು. ಬಲಗೈ ಚಿಮಣಿಗೆ ಬಡಿಯಿತು, ಮುಂಗೈ ಎಲುಬು ಬಿರುಕುಬಿಟ್ಟಿತು. ಜೊತೆಗಾರರು ಎಂಟು ನಿಮಿಷದಲ್ಲಿ ಇಳಿಸಿದರು. ಪಟ್ಟಿಯಲ್ಲಿ ಅಲ್ಲಾಡದೆ ತೂಗುತ್ತಿದ್ದರೆ ಕಾಲಿಗೆ ಇಳಿದ ರಕ್ತವೇ ಪ್ರಾಣ ತೆಗೆಯುತ್ತದಂತೆ. ಅದಕ್ಕೇ ಇವರು ವಾರ ವಾರ ಇಳಿಸುವುದನ್ನು ರೂಢಿ ಮಾಡಿಸುತ್ತಾರೆ. ನಾನು ಅದನ್ನು ಆಟ ಎಂದು ತಿಳಿದಿದ್ದೆ.

ಬೀಳುವವನನ್ನು ಒಮ್ಮೆ ಹಿಡಿದ ಹಗ್ಗದ ಆಯುಷ್ಯ ಅಲ್ಲಿಗೆ ಮುಗಿಯಿತು. ಹೊರಗೆ ಏನೂ ಕಾಣುವುದಿಲ್ಲ, ಒಳಗಿನ ಎಳೆ ಎಲ್ಲಿ ಹರಿದಿದೆಯೋ ಹೇಳಲಾಗದು. ಅಂದೇ ಕತ್ತರಿಸಬೇಕು. ಕತ್ತರಿ ನನ್ನ ಎಡಗೈಗೇ ಕೊಟ್ಟರು. ನನಗೆ ಮನಸ್ಸು ಬರಲಿಲ್ಲ. ಅದು ನಿಮ್ಮ ಹೆಸರಿನ ಹಗ್ಗ. ನನ್ನನ್ನು ಹಿಡಿದದ್ದು ನೀವೇ ಅನ್ನಿಸಿತು. ಬೇರೆ ಹಳೆಯ ತುಂಡುಗಳನ್ನು ತೋರಿಸಿ ಇದನ್ನು ಬಚ್ಚಿಟ್ಟೆ. ದೇವರ ಪಕ್ಕದಲ್ಲಿ ತಣ್ಣಗೆ ಕೂತಿರಲಿ ಎಂದು ಕಳಿಸಿದೆ. ಜಗಲಿಯ ಮೇಲೆ ಇಡುವುದೆಂದರೆ ನಮ್ಮಲ್ಲಿ ಕೆಲಸಕ್ಕೆ ಹೂಡುವುದು ಎಂಬುದು ನನಗೇ ನೆನಪಾಗಲಿಲ್ಲ! ಹನ್ನೊಂದು ವರ್ಷ ಆ ಜಗಲಿಯಿಂದಲೇ ಹಗ್ಗ ಎತ್ತಿಕೊಂಡು ಹೋದವನು ನಾನು.

ರೇಣುಕಾ ಹೆದರುತ್ತಾಳೆ ಎಂದು ಬಿದ್ದದ್ದನ್ನು ಮುಚ್ಚಿಟ್ಟೆ. ಈಗ ನೋಡಿ.

ಬಾವಿಗೆ ಇಳಿದಿರಬೇಡಿ, ಭಾವ.

ಸುಭಾಷ


ಮೇಡ್ಲೇರಿ
೧೬ ಮಾರ್ಚ್ ೨೦೦೩

ಸುಭಾಷಾ,

ನಾನು ಇಳಿಯಲಿಲ್ಲ. ಅದನ್ನು ಮೊದಲು ಓದಿಕೊಂಡು, ಒಂದು ಲೋಟ ನೀರು ಕುಡಿದು, ಆಮೇಲೆ ಉಳಿದದ್ದನ್ನು ಓದು.

ಭಾನುವಾರ ಇಳಿಹೊತ್ತಿಗೆ ಮಲಂಗಸಾಬ ತಲೆಗೆ ಟೋಪಿಯಿಲ್ಲದೆ, ಒಂದೇ ಕಾಲಿನಲ್ಲಿ ಚಪ್ಪಲಿ ಹಾಕಿಕೊಂಡು ಓಡಿಬಂದ. ನಾವು ಜಗಲಿಯಿಂದ ಹಗ್ಗ ಇಳಿಸಿ ಚೀಲಕ್ಕೆ ತುಂಬುತ್ತಿದ್ದೆವು. ಅವನು ಅಂಗಳದಲ್ಲೇ ಕುಸಿದು ಕೂತು ಹೇಳಿದ: “ಗುಜರಾತಿಂದ ಫೋನ ಬಂದಿತ್ತು ಮಾಲತೇಶಣ್ಣ. ಸುಭಾಷಂದು… ಹಗ್ಗ ಕಡೀತ್ರಿ ಅಂತ.”

ನೀನು ಕೂಗಿದ್ದು ‘ಕಡೀರಿ’. ಅವನಿಗೆ ಕೇಳಿಸಿದ್ದು ‘ಕಡೀತ್ರಿ’. ನಡುವೆ ಒಂದು ತಕಾರ. ಆ ತಕಾರದಲ್ಲಿ ನೀನು ಸತ್ತೆ.

ಯಾರು ಕೂಗಿದರು ಎಂದು ಕೇಳಿದರೆ “ಯಾರೋ ಅಳಾಕತ್ತಿದ್ರು” ಅಂದ. ತಿರುಗಿ ಫೋನು ಮಾಡಲು ಹೋದರೆ ತಂತಿಯೇ ಇಲ್ಲ, ರಸ್ತೆ ಅಗೆಯುವವರು ಅದನ್ನೂ ಅಗೆದುಹಾಕಿದ್ದರು. ಹಾವೇರಿಯ ಬಾವಿಯನ್ನು ಯಾರು ನೆನೆಯುತ್ತಾರೆ? ಹಗ್ಗವಿದ್ದ ಚೀಲ ಅಂಗಳದಲ್ಲೇ ಉಳಿಯಿತು. ಸೋಮವಾರ ಮೈಲಾರೆಪ್ಪ ರಾಣೆಬೆನ್ನೂರಿಗೆ ಹೋಗಿ ಅಲ್ಲಿಂದ ನಿಮ್ಮ ಆಫೀಸಿಗೆ ಫೋನು ಹಚ್ಚಿದ. ಕಾವಲುಗಾರನೋ ಯಾರೋ ಎತ್ತಿದನಂತೆ. ಮೈಲಾರೆಪ್ಪನ ಹಿಂದಿ ನಿನಗೆ ಗೊತ್ತೇ ಇದೆ. ಬಂದು ತಲೆ ತಗ್ಗಿಸಿ ಅಂದ, “ಸುಭಾಷ ಇನ್ನ ಮ್ಯಾಲ ಹತ್ತಂಗಿಲ್ಲಂತ.” ಕೈ ಮುರಿದದ್ದಕ್ಕೆ ಚಿಮಣಿ ಹತ್ತಿಸುತ್ತಿಲ್ಲ ಎಂದು ಆ ಪುಣ್ಯಾತ್ಮ ಹೇಳಿದ್ದಿರಬೇಕು. ನಮಗೆ ಅದು ಬೇರೆಯೇ ಆಗಿ ಕೇಳಿಸಿತು.

ಹೆಂಗಸರು ಬಂದು ಕೂತರು. ಯಾರೋ ರೇಣುಕವ್ವನ ಬಳೆಯ ಕಡೆಗೆ ನೋಡಿದರು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಅಂದಳು: “ಹ್ಞೂಂ ನಿಂತೈತಿ, ಅಷ್ಟ. ಎಳೀದs ಹ್ಯಾಂಗ ಹೇಳ್ತೀರಿ?” ಆಮೇಲೆ ನನ್ನ ಕಡೆ ತಿರುಗಿದಳು. “ಅಣ್ಣಾ, ಜನವರಿದಾಗ ಅಂವನ ಹ್ಞೂಂ ನಿಂತಾಗ ನೀ ಎಳೀಲಿಲ್ಲ. ಬಸ್ಸಿನ್ಯಾಗ ಕುಂತು ಬರದಾನ ಅಂದಿ. ಈಗರs ಎಳಿ.”

ಹಾವೇರಿ ಸ್ಟೇಷನ್ನಿಗೆ ಹೋಗಿ ಶನಿವಾರದ ಗಾಡಿಗೆ ಟಿಕೆಟ್ಟು ತಂದೆ, ನಿನ್ನನ್ನು ಎಳೆದು ತರಲು.

ಶುಕ್ರವಾರ ನಿನ್ನ ಪತ್ರ ಬಂತು. ನಾನು ಓದಿದೆ, ಅವಳು ಕಂಬಕ್ಕೆ ಒರಗಿ ಕೇಳಿದಳು. ಮಲಂಗಸಾಬ ಕೆನ್ನೆ ಕೆನ್ನೆ ಬಡಿದುಕೊಂಡ, “ನನ್ನ ಕಿವಿಗಿ ಬೆಂಕಿ ಬೀಳ್ಲಿ, ಎಂಥಾ ಸುಳ್ಳ ಹೇಳಿದ್ನಿ ತಾಯಿ!” ರೇಣುಕವ್ವ ಅವನಿಗೆ ಚಹಾ ಕೊಟ್ಟು ಅಂದಳು, “ನೀ ಎಲ್ಲಿ ಸುಳ್ಳ ಹೇಳಿ, ಮಲಂಗಣ್ಣ? ಅಂವನ ಹಗ್ಗ ಖರೇನs ಕಡದಿತ್ತಲ್ಲ. ಖರೇ ಹೇಳಿದಾಂವ ನೀ ಒಬ್ಬಾಂವs.” ಅಷ್ಟು ಹೇಳಿ ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಕುಡುಗೋಲಿತ್ತು.

ನಾನು ಅಡ್ಡ ಬಂದೆ. ನಿನ್ನ ಜೀವ ಉಳಿಸಿದ ಹಗ್ಗ, ಹೊಳೆಗೆ ಬಿಡೋಣ ಅಂದೆ. ಅವಳು ಒಪ್ಪಲಿಲ್ಲ. “ಹೊಳ್ಯಾಗ ಬಿಟ್ರ ಕೆಳಗಿನ ಊರಾಗ ಯಾವನೋ ಹಿಡಕೋತಾನ. ಅಂವಗೂ ಒಬ್ಬಾಕಿ ಹೆಂಡ್ತಿ ಇರ್ತಾಳ.” ಮೊಳ ಹಾಕಿ ಹಾಕಿ ಕಡಿದಳು. ನಾನು ತುಂಡುಗಳನ್ನು ನೋಡುತ್ತ ಹೋದೆ. ಎಲ್ಲ ಬಿಳಿ, ಎಲ್ಲ ಗಟ್ಟಿ. ಹದಿನಾಲ್ಕನೆಯ ಮೊಳದಲ್ಲಿ ಕೈಗೆ ಮೆತ್ತಗೆ ಹತ್ತಿತು. ಹೊರಗಿನ ಹೆಣಿಗೆ ಸರಿಯಾಗಿಯೇ ಇತ್ತು. ಒಳಗಿನ ಎಳೆಗಳು ಮಾತ್ರ ಅರ್ಧಕ್ಕರ್ಧ ಹರಿದು ಹತ್ತಿಯ ಹಾಗೆ ಬಿಚ್ಚಿಕೊಂಡಿದ್ದವು. ಉಟ್ಟ ಸೀರೆ ಸರಿಯಿತ್ತು, ಒಳಗೆ ಎಲುಬು ಮುರಿದಿತ್ತು.

ಆ ಒಂದು ಮೊಳವನ್ನು ಜಗಲಿಯ ಮೇಲೆ ಇಟ್ಟಿದ್ದಾಳೆ. ಅಷ್ಟುದ್ದದಲ್ಲಿ ಯಾರೂ ಬಾವಿಗೆ ಇಳಿಯಲಾರರು.

ನೀನು ಸೋಮವಾರ ಕಳಿಸಿದ್ದ ತಂತಿ ಸಂದೇಶ ನಿನ್ನೆ ಬಂತು. ಪತ್ರಕ್ಕಿಂತ ಒಂದು ದಿನ ತಡವಾಗಿ.

ಮಾಲತೇಶಪ್ಪ


೨೨ ಮಾರ್ಚ್ ೨೦೦೩

ಭಾವನವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ನೀರು ಕುಡಿದೇ ಓದಿದೆ. ಓದಿ ಮುಗಿಸಿ, ಅದನ್ನು ಕೈಯಲ್ಲೇ ಹಿಡಿದುಕೊಂಡು ರುದ್ರಮುನಿ ಸಾಹೇಬರ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಮನೆಗೆ ಕಳಿಸುತ್ತಾರೆ ಎಂದೇ ತಿಳಿದಿದ್ದೆ. ಅವರು ಕೇಳಿದರು, “ಬಿದ್ದದ್ದು ತಪ್ಪಲ್ಲೋ ತಮ್ಮ, ಯಾರರೆ ಬೀಳ್ತಾರ. ತೋಳು ತೊಡಸ್ಲಿಲ್ಲ, ಅದೊಂದು ತಪ್ಪು. ಹಗ್ಗ ಬಚ್ಚಿಟ್ಟಿ, ಅದು ಎರಡನೇದು. ಮೂರನೇದು ಯಾವುದು ಹೇಳು?” ಆಮೇಲೆ ಅವರೇ ಹೇಳಿದರು: “ಮನಿಗೆ ಹೇಳಲಿಲ್ಲಲ್ಲ, ಅದು. ಬಿದ್ದದ್ದು ಮುಚ್ಚಿಟ್ರ ಅದs ಜಾಗಾದಾಗ ಇನ್ನೊಬ್ಬಾಂವ ಬೀಳ್ತಾನ.”

ಮೂರು ತಿಂಗಳು ನಾನು ಹಗ್ಗ ಹತ್ತುವಂತಿಲ್ಲ. ಹಗ್ಗಗಳ ಜಾತಕ ಬರೆಯುವ ಕೆಲಸ ಕೊಟ್ಟಿದ್ದಾರೆ. ಆ ಹಗ್ಗದ ಹಾಳೆಯಲ್ಲಿ ‘ಜನವರಿ ೭, ಸುಭಾಷನನ್ನು ಹಿಡಿಯಿತು. ಮಾರ್ಚ್ ೧೪, ಮೇಡ್ಲೇರಿಯಲ್ಲಿ ರೇಣುಕವ್ವ ಕತ್ತರಿಸಿದಳು’ ಎಂದು ನಾನೇ ಬರೆದೆ. ಸಾಹೇಬರು ಓದಿ ಸಹಿ ಹಾಕಿದರು.

ಹಾವೇರಿಯ ಬಾವಿಗೆ ಇಳಿಯುವುದಾದರೆ ಎರಡು ಹೊಸ ಹಗ್ಗ ತನ್ನಿ. ಒಂದನ್ನು ಮೈಲಾರೆಪ್ಪ ಹಿಡಿಯಲಿ. ಇನ್ನೊಂದನ್ನು ದಯವಿಟ್ಟು ಮರಕ್ಕೆ ಕಟ್ಟಿ. ಮೈಲಾರೆಪ್ಪ ಸೀನುತ್ತಾನೆ, ಭಾವ. ಮರ ಸೀನುವುದಿಲ್ಲ.

ಸುಭಾಷ


ಮೇಡ್ಲೇರಿ
೫ ಏಪ್ರಿಲ್ ೨೦೦೩

ಸುಭಾಷಾ,

ಹಾವೇರಿಯ ಬಾವಿ ಮುಗಿಯಿತು. ಮೊದಲು ಕೆಟ್ಟ ಗಾಳಿ ಇದೆಯೇ ಎಂದು ದೀಪ ಇಳಿಸಿ ನೋಡಿದೆವು, ಆರಲಿಲ್ಲ. ರಾಣೆಬೆನ್ನೂರಿನ ಪೇಟೆಯಿಂದ ಎರಡು ಹೊಸ ಹಗ್ಗ ತಂದಿದ್ದೆವು. ಅವನ್ನು ಬೆರಳ ನಡುವೆ ಹಾಯಿಸಿದ್ದಾಯಿತು, ಬಾವಿಯ ದಂಡೆಗೆ ದಪ್ಪ ಗೋಣಿ ಹಾಸಿದ್ದಾಯಿತು. ಮೈಲಾರೆಪ್ಪ ಒಂದನ್ನು ಹಿಡಿದ. ಇನ್ನೊಂದನ್ನು ಬೇವಿನ ಮರಕ್ಕೆ ಸುತ್ತಿ ನಿಂತಾಗ ನನ್ನ ಮನಸ್ಸು ಮತ್ತೆ ಹಿಂದೆ ಸರಿಯಿತು. ಮರಕ್ಕೂ ತಂಗಿಯಿಲ್ಲವಲ್ಲ ಎಂದೆ. ರೇಣುಕವ್ವ ಬುತ್ತಿ ತಂದವಳು ಗಂಟನ್ನು ಕೆಳಗಿಟ್ಟು ಬಂದಳು. “ಸರಿ ಅತ್ತಾಗ. ಮರಕ್ಕಿಲ್ಲಂದ್ರ ನಿನಗ ಐತಲ್ಲ.” ಹಗ್ಗದ ತುದಿಗೆ ನೀನು ಕಲಿಸಿದ ಎಂಟರ ಗಂಟು ಹಾಕಿ, ಎರಡು ಸಲ ಜಗ್ಗಿ, ಅದರ ಪಕ್ಕದಲ್ಲೇ ಬೇರಿನ ಮೇಲೆ ಕೂತಳು. ನಾನು ಒಂದಡಿ ಇಳಿದರೆ ಮರದ ಸುತ್ತನ್ನು ಒಂದಡಿ ಸಡಿಲ ಬಿಟ್ಟು ಮತ್ತೆ ಬಿಗಿಯುತ್ತಿದ್ದಳು, ನಿಮ್ಮ ಹಲ್ಲಿನ ಬಿಲ್ಲೆಯ ಕೆಲಸ ಅವಳದು. ಅರವತ್ತೈದು ಅಡಿಯ ಕೆಳಗೆ ನಾನು ಹ್ಞೂಂ ಅನ್ನುತ್ತ ಕೆಸರು ತುಂಬಿದೆ. ಕಥೆ ಹೇಳಿದ್ದು ಮೈಲಾರೆಪ್ಪ, ಅದೂ ಸೀನಿನ ನಡುನಡುವೆ. ಇಷ್ಟು ಕೆಟ್ಟ ಕಥೆಗೆ ನಾನು ಎಂದೂ ಹ್ಞೂಂ ಅಂದವನಲ್ಲ.

ಯುಗಾದಿಯ ದಿನ ಹೋಳಿಗೆ ಉಂಡ ಮೇಲೆ ಕಟ್ಟೆಯಲ್ಲಿ ಜನ ಕೂತಿದ್ದರು. ಎಂದಿನಂತೆ ಮೈಲವ್ವಜ್ಜಿಯ ಕಥೆಯನ್ನು ಶುರುಮಾಡಿದೆ. ಅಂಗಾಲು ಸುಟ್ಟವನ ತನಕ ಬಂದು, ಅಲ್ಲಿಗೆ ನಿಲ್ಲಿಸದೆ, ನಿನ್ನದನ್ನೂ ಹೇಳಿದೆ. ತೊಡಿಸದ ತೋಳು, ಜಗಲಿಯ ಮೇಲಿನ ಹಗ್ಗ, ಒಂದು ತಕಾರ, ಹದಿನಾಲ್ಕನೆಯ ಮೊಳ, ಎಲ್ಲವನ್ನೂ. ಆ ಮೊಳವನ್ನು ಕೈಯಿಂದ ಕೈಗೆ ದಾಟಿಸಿದೆವು. ಎಲ್ಲರೂ ಹ್ಞೂಂ ಅಂದರು. ಜಯವ್ವ ಮಾತ್ರ ಅನ್ನಲಿಲ್ಲ. ತುಂಡನ್ನು ಅಮುಕಿ ನೋಡಿ, ಮುಂದಿನವರಿಗೆ ಕೊಟ್ಟು, ಎದ್ದುಹೋದಳು. ಹಗ್ಗಕ್ಕೆ ಕನ್ಯಾ ನೋಡುತ್ತಾರೇನು ಎಂದು ನಕ್ಕವಳು ಅವಳೇ. ಕಥೆ ಹಿಡಿಸಲಿಲ್ಲ ಎಂದುಕೊಂಡೆ.

ಮರುದಿನ ಮುಂಜಾನೆ ನಾನು ಬೇವಿನ ಕಡ್ಡಿ ಬಾಯಲ್ಲಿಟ್ಟು ಬಾಗಿಲು ತೆಗೆದರೆ ಅಂಗಳದಲ್ಲಿ ಜಯವ್ವ ಕೂತಿದ್ದಳು. ಮಡಿಲಲ್ಲಿ ಅವಳ ಬಾವಿಯ ಹಗ್ಗ. ಅವಳ ಹಿಂದೆ ಇನ್ನೂ ಆರು ಮಂದಿ ಹಗ್ಗ ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಮಲಂಗಸಾಬ ಟೋಪಿ ಸರಿಮಾಡಿಕೊಳ್ಳುತ್ತ ಕೊನೆಯಲ್ಲಿದ್ದ. ರೇಣುಕವ್ವ ಶಾಲೆಯ ನೋಟುಬುಕ್ಕು ತೆಗೆದು ಕೇಳಿದಳು, “ಇದು ಹುಟ್ಟಿದ್ದು ಯಾವಾಗ?” ಜಯವ್ವ ಅಂದಳು, “ಯಾರಿಗ್ಗೊತ್ತವ್ವ. ನಾ ಮದಲಗಿತ್ತಿ ಆಗಿ ಬಂದಾಗ ಗಡಗಡಿ ಮ್ಯಾಲ ಇತ್ತು. ಈಗ ನನ್ನ ಸೊಸಿ ಇದರ ಮ್ಯಾಲ ಬಾಗಿ ನೀರ ಸೇದ್ತಾಳ, ಬಸರಿ.” ಹಗ್ಗವನ್ನು ಒಂದು ತುದಿಯಿಂದ ಇನ್ನೊಂದು ತುದಿಯ ತನಕ ಬೆರಳುಗಳ ನಡುವೆ ತಾನೇ ಹಾಯಿಸಿದಳು. ನಡುವೆ ಒಂದು ಕಡೆ ಬೆರಳು ನಿಂತಿತು. ಮತ್ತೊಮ್ಮೆ ಅದೇ ಜಾಗವನ್ನು ಮುಟ್ಟಿ ನೋಡಿದಳು. ಆಮೇಲೆ ತಲೆಯೆತ್ತದೆ ಕುಡುಗೋಲಿಗಾಗಿ ಕೈ ಚಾಚಿ, “ಹ್ಞೂಂ,” ಅಂದಳು.

ನಿನ್ನ ಭಾವ,
ಮಾಲತೇಶಪ್ಪ